ಸಿಗಡಿ ತೊಟ್ಟಿಗೆ ಲೈಟು ಕಟ್ಟಿದ ಖಲೀಲ್ ಸಾಬ್ರು

ಕೊಟ್ಟ ಸಾಮಾನನ್ನು ಗಿರಾಕಿಯ ಕೈಯಿಂದ ಕಿತ್ತುಕೊಂಡು ವಾಪಸ್ ಒಳಗಿಡುವ ಅಂಗಡಿಯವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಲೈಟು ರಿಪೇರಿ ಅಂಗಡಿ ಇಟ್ಟಿದ್ದ ಖಲೀಲ್ ಸಾಬ್ರು. ನಾನು ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದಾಗ ಪಾಂಡವಪುರದಿಂದ ಬಂದಿದ್ದ ಗಟ್ಟಿಮುಟ್ಟಾದ ಗಂಡಸೊಬ್ಬ ಉದ್ದನೆಯ ಎಲ್‌ಇಡಿ ಲೈಟನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಅದರ ಇನ್ನೊಂದು ತುದಿಯನ್ನು ಸಾಬ್ರು ಹಿಡಿದೆಳೆಯುತ್ತಿದ್ದರು.

"ಒಂದೂವರೆ ಅಡಿ ತೊಟ್ಟಿಗೆ ಐವತ್ತು ವ್ಯಾಟು ಕೇಳ್ತೀಯಲ್ಲ, ಅದ್ರೊಳಗೆ ಸಿಗಡಿ ಸಾಕ್ತೀಯೇನ್ಲಾ, ಇಲ್ಲ ಕಬಡ್ಡಿ ಆಡುಸ್ತೀಯಾ?"

"ಬೆಳಕು ಜಾಸ್ತಿ ಆದಷ್ಟೂ ಗಿಡ ಚೆಂದಾಗಿ ಬತ್ತವೆ ಅಂದ್ರು ಸಾಬ್ರೇ."

"ಯಾವನ್ಲಾ ಅಂದೋನು? ಕರ್ಕಂಡ್ ಬಾ ಅವನ್ನ. ಇದೇ ಲೈಟಿನ ಕೆಳಗೆ ಅಂಗಿ ಬಿಚ್ಚಿ ಕೂರುಸ್ತೀನಿ, ಚೆಂದಾಗಿ ಬರ್ಲಿ ಅವ್ನೂವೆ. ಬುಡು. ಬುಡ್ಲಾ ಲೈಟು!"

ಆತ ಬಿಟ್ಟ. ಸಾಬ್ರು ಅದನ್ನು ಒಳಗಿಟ್ಟು, ಎಂಟು ವ್ಯಾಟಿನ ಸಣ್ಣ ಪಟ್ಟಿಯೊಂದನ್ನು ತೆಗೆದು ಅವನ ಮುಂದೆ ಕುಕ್ಕಿದರು. "ತಗಳಂಗಿದ್ರೆ ಇದು ತಗ. ಇಲ್ಲಾಂದ್ರೆ ಪಾಂಡವಪುರದ ಬಸ್ಸು ಇನ್ನೂ ನಿಂತದೆ." ಆತ ಗೊಣಗುತ್ತಲೇ ಅದನ್ನು ತೆಗೆದುಕೊಂಡು ಹೋದ. ಸಾಬ್ರು ಅದೇ ಬಿಸಿಯಲ್ಲಿ ನನ್ನ ಕಡೆ ತಿರುಗಿದರು. "ನಿಮ್ದೇನು?"

ಅವರಿಗೆ ಆಗಲೇ ಅರವತ್ತರ ಹತ್ತಿರ. ಸಣಕಲು ಮೈ, ಮೊಣಕೈವರೆಗೆ ಮಡಿಸಿದ ತೋಳು, ಸೋಲ್ಡರ್ ಸುಟ್ಟ ಕಲೆಗಳ ಬೆರಳು. ಬಲಗಣ್ಣಿನ ಮೇಲೆ ಹಾಲಿನ ಕೆನೆಯ ಹಾಗೆ ಒಂದು ಪೊರೆ. ಹುಡುಗುತನದಲ್ಲಿ ಶ್ರೀರಂಗಪಟ್ಟಣದ ವೆಲ್ಡಿಂಗ್ ಶೆಡ್ಡೊಂದರಲ್ಲಿ, ಮುಖಕ್ಕೆ ಹಿಡಿಯುವ ಕಪ್ಪು ಗಾಜು ಕೊಡದೆ ತಿಂಗಳುಗಟ್ಟಲೆ ಅವರಿಂದ ಕೆಲಸ ಮಾಡಿಸಿದ್ದರಂತೆ. ಆ ಕಣ್ಣು ಹೋದದ್ದು ಅಲ್ಲೇ. "ಬೆಳಕು ಕಣ್ಣು ತಿಂತದೆ ಮೇಡಂ. ಕತ್ತಲೆ ಯಾರ ಕಣ್ಣನ್ನೂ ತಿಂದಿದ್ದು ನಾನು ಕಾಣೆ" ಎನ್ನುತ್ತಿದ್ದರು. ಶೆಡ್ಡು ಬಿಟ್ಟವರು ರೇಡಿಯೋ ರಿಪೇರಿ ಕಲಿತರು, ಆಮೇಲೆ ಟಿವಿ. ಕೆಟ್ಟ ಟಿವಿಯನ್ನು ಜನ ರಿಪೇರಿ ಮಾಡಿಸದೆ ಎಸೆಯತೊಡಗಿದ ಮೇಲೆ ಲೈಟುಗಳನ್ನು ಬಿಚ್ಚಿ ಕಟ್ಟುವುದಕ್ಕೆ ಕೂತರು. ಮೀನಿನ ತೊಟ್ಟಿಗಳ ಲೈಟು ಅವರ ಕೈಗೆ ಹತ್ತಿದ್ದು ಹಾಗೆ. ನಾಗಮಂಗಲದಿಂದ, ಶ್ರೀರಂಗಪಟ್ಟಣದಿಂದ ಜನ ಹುಡುಕಿಕೊಂಡು ಬರುತ್ತಿದ್ದರು, ಬೈಸಿಕೊಂಡು ಹೋಗುತ್ತಿದ್ದರು, ಮತ್ತೆ ಬರುತ್ತಿದ್ದರು.

ಅಂಗಡಿಯ ಹಿಂದೆಯೇ ಮನೆ. ಅವರ ಹೆಂಡತಿ ಜಮೀಲಮ್ಮ ನನಗೆ ಮೊದಲ ದಿನವೇ ಟೀ ಕೊಡುತ್ತಾ ಒಂದು ಸೂತ್ರ ಹೇಳಿಕೊಟ್ಟರು. "ಅವ್ರು ಬಯ್ತಾ ಇದ್ರೆ ಕೂತ್ಕಳಿ ಮೇಡಂ. ಮಾತಾಡ್ದೆ ಸುಮ್ನಾಗ್ಬುಟ್ರೆ ಎದ್ದು ಓಗ್ಬುಡಿ."

ನಾನು ಈ ಊರಿನ ಖಾಸಗಿ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಫಾರ್ಮಲಿನ್ ಬಾಟಲಿಯೊಳಗಿನ ಸತ್ತ ಜೀವಿಗಳನ್ನೇ ತೋರಿಸಿ ತೋರಿಸಿ ಬೇಸರವಾಗಿ, ಪ್ರಯೋಗಾಲಯದಲ್ಲಿ ಜೀವವಿರುವ ಒಂದು ತೊಟ್ಟಿ ಇರಲಿ ಎಂದು ಒಂದೂವರೆ ಅಡಿಯ ಗಾಜಿನ ತೊಟ್ಟಿ ಇಟ್ಟಿದ್ದೆ. ತಳಕ್ಕೆ ಮರಳು, ಒಂದೆರಡು ಕಲ್ಲು, ಮರದ ತುಂಡಿಗೆ ಕಟ್ಟಿದ ನೀರಿನ ಗಿಡಗಳು, ಮೈಸೂರಿನಿಂದ ತಂದ ಹದಿನೈದು ಕೆಂಪು ಸಿಗಡಿ. ಒಂದೊಂದೂ ಬೆರಳಿನ ಗೆಣ್ಣಿನಷ್ಟುದ್ದ. ಲೈಟನ್ನು ಮೊಬೈಲಿನಲ್ಲಿ ನೋಡಿ ತರಿಸಿದ್ದೆ. ಒಂದು ತಿಂಗಳಿಗೆ ಗಾಜಿಗೆಲ್ಲ ಹಸಿರು ಪಾಚಿ ಮೆತ್ತಿತ್ತು. ಸಿಗಡಿಗಳು ಮರದ ತುಂಡಿನ ಹಿಂದೆ ಸೇರಿಕೊಂಡವು ಈಚೆಗೇ ಬರುತ್ತಿರಲಿಲ್ಲ. ಮಕ್ಕಳು "ಮಿಸ್, ಸಿಗಡಿ ಇದಾವಾ?" ಎಂದು ಕೇಳುವ ಹಾಗಾಗಿತ್ತು.

ಇದನ್ನೆಲ್ಲ ಹೇಳಿದೆ. ಸಾಬ್ರು ವಕೀಲರ ಹಾಗೆ ಪಾಟೀಸವಾಲು ಮಾಡಿದರು.

"ಯಾವ ಬಣ್ಣದ ಲೈಟು?"

"ನೇರಳೆ. ಗಿಡಕ್ಕೆ ಒಳ್ಳೇದು ಅಂತ ಬರೆದಿತ್ತು."

"ಬರ್ದಿರ್ತಾರೆ. ನೋಡೋರ ಕಣ್ಣಿಗೆ ಅದ್ರಲ್ಲಿ ಏನ್ ಕಾಣ್ತದೆ? ಸಿಗಡಿ ಕೆಂಪೋ ಕರಿದೋ ಗೊತ್ತಾಯ್ತದಾ? ಎಷ್ಟೊತ್ತು ಉರುಸ್ತೀರಿ?"

"ಬೆಳಿಗ್ಗೆ ಕಾಲೇಜು ತೆಗೆದಾಗ ಹಾಕ್ತೀವಿ, ಸಂಜೆ ಬೀಗ ಹಾಕುವಾಗ ಆರಿಸ್ತೀವಿ."

"ಯಾ ಅಲ್ಲಾ! ಒಂಬತ್ತು ಗಂಟೆ! ಕಿಟಕಿ ಪಕ್ಕ ಇಟ್ಟಿದ್ದೀರಾ?"

"ಹೌದು."

ಸಾಬ್ರು ಸೋಲ್ಡರಿಂಗ್ ಕಡ್ಡಿಯನ್ನು ಸ್ಟ್ಯಾಂಡಿನಲ್ಲಿಟ್ಟು ಕೈಮುಗಿದರು. "ಮೇಡಮ್ಮೋರೆ, ನೀವು ಮಕ್ಕಳಿಗೆ ಏನ್ ಪಾಠ ಏಳ್ಕೊಡ್ತೀರಿ? ಅವು ಕಲ್ಲಿನ ಸಂದೀಲಿ ಹುಟ್ಟಿ ಸಂದೀಲಿ ಬಾಳೋ ಜೀವ. ಮೇಲಿಂದ ಬೆಳಕು ಸುರುದ್ರೆ ಯಾವ ಕೊಕ್ಕರೆ ಬಂತೋ ಅಂತ ಅಡಗ್ತವೆ. ಅಡಗ್ದೆ ಇನ್ನೇನು ಬಂದು ನಮಸ್ಕಾರ ಮಾಡ್ತವಾ?"

ಮರುದಿನ ಬೆಳಿಗ್ಗೆ ಅವರೇ ಕಾಲೇಜಿಗೆ ನಡೆದುಕೊಂಡು ಬಂದರು. ಬಂದವರು ಮೊದಲು ತೊಟ್ಟಿಯನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದರು. ಆಮೇಲೆ ಒಂದು ಸ್ಟೂಲೆಳೆದುಕೊಂಡು, ಒಳ್ಳೆಯ ಕಣ್ಣನ್ನು ಗಾಜಿಗೆ ಹತ್ತಿರ ಹಿಡಿದು ಅರ್ಧ ಗಂಟೆ ಸುಮ್ಮನೆ ನೋಡಿದರು. ಅಳತೆಪಟ್ಟಿ ತಂದಿರಲಿಲ್ಲ, ಗೇಣಿನಲ್ಲೇ ಅಳೆದರು. ನಾಲ್ಕು ದಿನದ ಮೇಲೆ ತಂದ ಲೈಟು ನೋಡುವುದಕ್ಕೆ ಏನೇನೂ ಇರಲಿಲ್ಲ. ಅಲ್ಯೂಮಿನಿಯಂ ಪಟ್ಟಿಯ ಮೇಲೆ ಸಾಲಾಗಿ ಕೂರಿಸಿದ ಬಿಳಿ ಬಲ್ಬುಗಳು, ಅದರ ಮೇಲೆ ಹಾಲಿನ ಬಣ್ಣದ ಪ್ಲಾಸ್ಟಿಕ್ ಮುಚ್ಚಳ. ತೊಟ್ಟಿಯ ಬಾಯಿಗೆ ತಾಗಿಸದೆ, ಎರಡು ಕಂಬಿ ಕಟ್ಟಿ, ನೀರಿನಿಂದ ಒಂದು ಗೇಣು ಮೇಲೆ ನಿಲ್ಲಿಸಿದರು.

"ಇಷ್ಟು ಸಣ್ಣದಾ?" ಎಂದೆ.

"ನಿಮ್ ಗಿಡ ಯಾವ್ದು ನೋಡಿ. ಕಲ್ಲಿಗೆ, ಮರಕ್ಕೆ ಅಂಟ್ಕಂಡು ನೆಳ್ಳಲ್ಲಿ ಬೆಳೆಯೋ ಗಿಡ. ಅದ್ಕೆ ಇದು ಮೃಷ್ಟಾನ್ನ. ಜಾಸ್ತಿ ಬಡಿಸಿದ್ರೆ ಗಿಡ ಉಣ್ಣಕಿಲ್ಲ, ಮಿಕ್ಕಿದ್ದನ್ನ ಪಾಚಿ ಉಣ್ತದೆ. ಲೈಟು ತಗಳೋದು ಅಂದ್ರೆ ಜನ ವ್ಯಾಟು ನೋಡ್ತಾರೆ, ಡಬ್ಬದ ಮೇಲಿನ ಚಿತ್ರ ನೋಡ್ತಾರೆ. ತೊಟ್ಟಿಯೊಳಗೆ ಯಾರವ್ರೆ ಅಂತ ನೋಡೋನು ಒಬ್ಬನೂ ಇಲ್ಲ. ಆಮೇಲೆ ಬಿಳುಪು ಅಂದ್ರೆ ಎಲ್ಲಾ ಒಂದೇ ಬಿಳುಪಲ್ಲ. ಆಸ್ಪತ್ರೆ ಬಿಳುಪು ಬ್ಯಾಡ, ಹೋಟ್ಲಿನ ಹಳದಿ ಬ್ಯಾಡ, ಮಟಮಟ ಮಧ್ಯಾಹ್ನ ಆಕಾಶ ಇರ್ತದಲ್ಲ, ಅಂತಾದ್ದು. ಆರು ಗಂಟೆ ಸಾಕು, ಅಷ್ಟೇ. ನಿಮ್ ಅಟೆಂಡರಿಗೆ ಮರ್ತೋಯ್ತದೆ, ಅದ್ಕೆ ಟೈಮರ್ ಇಕ್ಕಿವ್ನಿ. ಅದೇ ಹತ್ಕಂಡು ಅದೇ ಆರ್ಕತದೆ. ಯಾರೂ ಕೈ ಇಕ್ಕಬ್ಯಾಡಿ."

"ಸರಿಯಾಯ್ತಾ ಅಂತ ಹೇಗೆ ಗೊತ್ತಾಗೋದು?"

"ಗಿಡ ಇವತ್ತು ಕೇಳಿದ್ದಕ್ಕೆ ಇವತ್ತೇ ಜವಾಬು ಕೊಡಕಿಲ್ಲ. ಹತ್ತು ಹದಿನೈದು ದಿನ ತಗತದೆ. ಸಿಗಡಿ ಮೂರ್ನೇ ದಿನಕ್ಕೆ ಹೇಳ್ತದೆ. ಬಯಲಿಗೆ ಬಂದು ಮೇಯ್ತಾ ಇದ್ರೆ ಸರಿಯಾಗದೆ. ಮೂಲೇಲಿ ಕುಂತಿದ್ರೆ ನನ್ನ ಕರೀರಿ, ಇನ್ನೊಂದು ವಸಿ ತಗ್ಗುಸ್ತೀನಿ."

ಕರೆಯಬೇಕಾಗಲಿಲ್ಲ. ಮೂರನೇ ದಿನ ಸಿಗಡಿಗಳು ಹುಲ್ಲುಗಾವಲಿಗೆ ಬಿಟ್ಟ ದನಗಳ ಹಾಗೆ ಹಸಿರಿನ ಮೇಲೆಲ್ಲ ಹರಡಿಕೊಂಡು ಮೇಯುತ್ತಿದ್ದವು. ಎರಡು ತಿಂಗಳಿಗೆ ಒಂದು ಹೆಣ್ಣು ಸಿಗಡಿ ಹೊಟ್ಟೆಯಡಿ ಮೊಟ್ಟೆ ಕಟ್ಟಿಕೊಂಡಿತು. ಸಾಬ್ರಿಗೆ ತೋರಿಸಿದೆ. ಮುಖ ಅರಳಿತು, ಆದರೆ ಬಾಯಿಂದ ಬಂದದ್ದು ಬೈಗುಳವೇ. "ಎಂಗ್ ಕಟ್ಕಂಡವ್ಳೆ ನೋಡಿ! ಇದುನ್ನ ಬಾಟ್ಲೀಲಿ ಇಟ್ಟು ತೋರ್ಸಕಾಯ್ತದಾ? ಯಾವನಾರ ಗಾಜು ಕುಟ್ಟಿದ್ರೆ ಕೈ ಮುರೀತೀನಿ ಅಂತ ಏಳಿ ನಿಮ್ ಹುಡುಗರಿಗೆ." ಅಲ್ಲಿಂದ ಮುಂದೆ ಹದಿನೈದು ದಿನಕ್ಕೊಮ್ಮೆ, ಯಾರೂ ಕರೆಯದಿದ್ದರೂ, ಬಂದು ಲೈಟಿನ ಧೂಳು ಒರೆಸಿ ಹೋಗುತ್ತಿದ್ದರು. ಮುಂದಿನ ಬೇಸಿಗೆ ಹೊತ್ತಿಗೆ ತೊಟ್ಟಿಯಲ್ಲಿ ಅರವತ್ತಕ್ಕೂ ಹೆಚ್ಚು ಸಿಗಡಿಗಳಿದ್ದವು.

ಆಗ ಕಾಲೇಜಿನಲ್ಲಿ ಪ್ರಯೋಗಾಲಯವನ್ನು ನವೀಕರಿಸಿ, ದೊಡ್ಡವರೊಬ್ಬರನ್ನು ಕರೆಸಿ ಉದ್ಘಾಟನೆ ಮಾಡಿಸುವ ಏರ್ಪಾಟಾಯಿತು. ಆಡಳಿತ ಮಂಡಳಿಯ ಅಧ್ಯಕ್ಷರು ಒಂದು ದಿನ ಪರಿಶೀಲನೆಗೆ ಬಂದರು. ಸಾಬ್ರು ಅವತ್ತು ಧೂಳು ಒರೆಸುತ್ತಿದ್ದರು.

"ಏನ್ ಮೇಡಂ ಇದು, ಸೀಮೆಎಣ್ಣೆ ಬುಡ್ಡಿ ಇಟ್ಟಂಗದೆ. ಫೋಟೋದಲ್ಲಿ ಏನ್ ಕಂಡಾತು? ಒಂದು ಫ್ಲಡ್ ಲೈಟು ಆಕ್ಸಿ" ಎಂದರು ಅಧ್ಯಕ್ಷರು.

ನಾನು ಬಾಯಿ ತೆರೆಯುವ ಮೊದಲೇ ಸಾಬ್ರು ಹೇಳಿದರು. "ಫೋಟೋಕ್ಕಾದ್ರೆ ಅವತ್ತು ಅರ್ಧ ಗಂಟೆ ಆಕಿ ಆರ್ಸಿ ಸ್ವಾಮಿ. ದಿನಾ ಉರುಸ್ಬ್ಯಾಡಿ, ನೀರು ಪಾಚಿ ಕಟ್ತದೆ."

"ನಿನ್ನ ಕೇಳಿದ್ನೇನಯ್ಯಾ?"

"ನನ್ನ ಕೇಳ್ಬ್ಯಾಡಿ. ಸಿಗಡಿ ಕೇಳಿ. ಅವೆಲ್ಲಿ ಕುಂತವೆ ನೋಡಿದ್ರೆ ಗೊತ್ತಾಯ್ತದೆ."

ಹಿಂದೆ ನಿಂತಿದ್ದ ಇಬ್ಬರು ವಿದ್ಯಾರ್ಥಿನಿಯರು ಕಿಸಕ್ಕೆಂದು ನಕ್ಕರು. ಆ ನಗು ಅಧ್ಯಕ್ಷರಿಗೆ ನಾಟಿತು. ಮರುದಿನವೇ ಅವರ ಗುತ್ತಿಗೆದಾರ ಬಂದು ತೊಟ್ಟಿಯ ಮೇಲೆ ಫ್ಲಡ್ ಲೈಟು ಕಟ್ಟಿದ. ಸಾಬ್ರ ಟೈಮರ್ ಕಿತ್ತು ಮೇಜಿನ ಡ್ರಾಯರಿಗೆ ಹಾಕಿದ. ನಾನು ಆರಿಸಿದರೆ ಯಾರೋ ಮತ್ತೆ ಹಾಕುತ್ತಿದ್ದರು. ಕೊನೆಗೆ ಸ್ವಿಚ್ಚಿಗೆ ಟೇಪು ಸುತ್ತಿಬಿಟ್ಟರು. ಪ್ರಾಂಶುಪಾಲರಿಗೆ ಹೇಳಿದೆ. "ಹೊಂದಿಕೊಂಡು ಹೋಗಿ ಮೇಡಂ" ಎಂದರು. ಹೊಂದಿಕೊಂಡೆ. ಆ ಪದ ಬರೆಯುವಾಗ ಈಗಲೂ ನನಗೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ಎರಡು ಸಲ ಬಂದ ಸಾಬ್ರನ್ನು ಗೇಟಿನಲ್ಲೇ ತಡೆದು ವಾಪಸ್ ಕಳಿಸಿದರಂತೆ. ಮೂರು ವಾರದಲ್ಲಿ ನೀರು ಕೆರೆಯ ನೀರಿನ ಹಾಗೆ ಹಸಿರಾಯಿತು.

ಉದ್ಘಾಟನೆಯ ಹಿಂದಿನ ಸಂಜೆ ನಾನು ಮನೆಗೆ ಹೋದ ಮೇಲೆ ಅಧ್ಯಕ್ಷರು ಬಂದು ಆ ಹಸಿರು ನೀರು ನೋಡಿ ಅಟೆಂಡರ್ ಜವರಪ್ಪನಿಗೆ ಹೇಳಿದರಂತೆ. "ನಮ್ ತೋಟದ ತೊಟ್ಟೀಲಿ ಪಾಚಿ ಬಂದ್ರೆ ಮೈಲುತುತ್ತು ಆಕ್ತೀವಿ. ತಂದು ಕಲಸಿ ಉಯ್ಯಿ. ಬೆಳಿಗ್ಗೆ ತಿಳಿಯಾಗಿರ್ತದೆ."

ಬೆಳಿಗ್ಗೆ ನೀರೇನೋ ಸ್ವಲ್ಪ ತಿಳಿಯಾಗಿತ್ತು. ಸಿಗಡಿಗಳು ಬೇಯಿಸಿದ ಹಾಗೆ ಬಣ್ಣಗೆಟ್ಟು ಮರಳಿನ ಮೇಲೆ ಒರಗಿದ್ದವು. ಒಂದೂ ಉಳಿದಿರಲಿಲ್ಲ. ಕಾರ್ಯಕ್ರಮಕ್ಕೆ ಎರಡು ಗಂಟೆ ಬಾಕಿ. ಅಧ್ಯಕ್ಷರು, ಪ್ರಾಂಶುಪಾಲರು, ಗುತ್ತಿಗೆದಾರ, ನಾವು ನಾಲ್ಕೈದು ಉಪನ್ಯಾಸಕರು ಸುತ್ತ ನಿಂತಿದ್ದೆವು. ಗುತ್ತಿಗೆದಾರ ಬಗ್ಗಿ ನೋಡಿ ಹೇಳಿದ. "ಆ ಸಾಬ್ರು ಕಟ್ಟಿರೋ ಲೈಟಿಂದ ನೀರಿಗೆ ಕರೆಂಟ್ ಇಳ್ದದೆ ಸಾರ್."

ಸಾಬ್ರಿಗೆ ಹೇಳಿಕಳಿಸಿದರು. ಸಿಗಡಿಗಳು ಸತ್ತಿವೆ ಎಂಬುದಷ್ಟೇ ಅವರಿಗೆ ಗೊತ್ತಾಗಿತ್ತು. ಓಡಿಕೊಂಡು ಬಂದವರ ಏದುಸಿರು ಇನ್ನೂ ನಿಂತಿರಲಿಲ್ಲ. ಅಧ್ಯಕ್ಷರು ಎಲ್ಲರ ಮುಂದೆ ಕೇಳಿದರು. "ಮಕ್ಕಳು ಕೈ ಇಕ್ಕಿದ್ರೆ ಏನಯ್ಯಾ ಗತಿ? ಕರೆಂಟ್ ಹೊಡ್ದು ಸತ್ತೋಗಿದ್ರೆ?"

"ನನ್ ಲೈಟು ಹನ್ನೆರಡು ವೋಲ್ಟಿಂದು ಸ್ವಾಮಿ. ನಾಲಿಗೆ ಮೇಲಿಟ್ಕಂಡ್ರೂ ಯಾರೂ ಸಾಯಕಿಲ್ಲ" ಎಂದವರೇ ಸಾಬ್ರು ವಾಚು ಬಿಚ್ಚಿ ಜೇಬಿಗಿಟ್ಟು, ಎರಡೂ ಲೈಟು ಉರಿಯುತ್ತಿರುವಾಗಲೇ ಮೊಣಕೈವರೆಗೆ ಕೈಯನ್ನು ನೀರಿನಲ್ಲಿ ಮುಳುಗಿಸಿದರು. ಹಾಗೇ ನಿಂತರು. ಸತ್ತ ಸಿಗಡಿಗಳು ಅವರ ತೋಳಿಗೆ ತಾಗಿ ತಾಗಿ ಸರಿಯುತ್ತಿದ್ದವು. "ಎಲ್ಲದೆ ಕರೆಂಟು? ಎಳೀಬೇಕಲ್ಲ ನನ್ನ? ಲೇ, ನೀನೂ ಬಾರ್ಲಾ, ಕೈ ಇಕ್ಕು" ಎಂದು ಗುತ್ತಿಗೆದಾರನನ್ನು ಕರೆದರು. ಅವನು ಎರಡು ಹೆಜ್ಜೆ ಹಿಂದೆ ಹೋದ.

ಕೈ ತೆಗೆದವರು ತೊಟ್ಟಿಯ ಅಂಚನ್ನು ಸವರಿದರು. ಉಗುರಿನಲ್ಲಿ ಏನನ್ನೋ ಕೆರೆದು ಅಂಗೈ ಮೇಲೆ ಹಾಕಿಕೊಂಡು ಒಳ್ಳೆಯ ಕಣ್ಣಿಗೆ ಹತ್ತಿರ ಹಿಡಿದರು. ನೀಲಿ ಪುಡಿ. ಸುರಿಯುವಾಗ ಚೆಲ್ಲಿ ಗಾಜಿನ ಅಂಚಿನಲ್ಲಿ ಒಣಗಿದ್ದದ್ದು. ಅಂಗೈಯನ್ನು ನನ್ನ ಕಡೆ ಚಾಚಿದರು.

"ಮೇಡಂ, ಇದೇನು ಅಂತ ನಿಮ್ಗೆ ಗೊತ್ತಲ್ವಾ?"

ಗೊತ್ತಿತ್ತು. ನಾನು ಸಿಂಧಘಟ್ಟದ ಒಕ್ಕಲು ಮನೆಯ ಮಗಳು. ಅಪ್ಪ ಟೊಮೆಟೊ ಗಿಡಕ್ಕೆ ಸಿಂಪಡಿಸಲು ಮೈಲುತುತ್ತನ್ನು ಸುಣ್ಣದ ಜೊತೆ ಕಲಸುವುದನ್ನು ನೋಡುತ್ತಾ ಬೆಳೆದವಳು. ಅದರಲ್ಲಿರುವ ತಾಮ್ರ ಸಿಗಡಿಗೆ ವಿಷ ಎಂದು ಪಾಠ ಮಾಡಬಲ್ಲವಳು. ಜವರಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ನಿಂತದ್ದನ್ನೂ ನೋಡಿದೆ. ಅಧ್ಯಕ್ಷರು ನನ್ನನ್ನೇ ನೋಡುತ್ತಿದ್ದರು. ಆ ವರ್ಷ ನನ್ನ ಕೆಲಸ ಕಾಯಂ ಆಗುವುದಿತ್ತು.

"ಪರೀಕ್ಷೆ ಮಾಡದೆ ಹೇಳೋಕಾಗಲ್ಲ" ಎಂದೆ.

ಸಾಬ್ರು ನನ್ನನ್ನು ಬೈಯಲಿಲ್ಲ. ಅಂಗೈಯ ಪುಡಿಯನ್ನು ನಿಧಾನವಾಗಿ ಕೊಡವಿದರು.

"ನಿಮ್ಮೋರ ಕೈಗೆ ಕೆಲ್ಸ ಕೊಟ್ಟಿದ್ದೇ ತಪ್ಪಾಯ್ತು. ಬಿಚ್ಕಂಡು ನಡಿ ಆಚೆಗೆ" ಎಂದರು ಅಧ್ಯಕ್ಷರು.

'ನಿಮ್ಮೋರು' ಎಂದರೆ ಯಾರು ಎಂದು ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ಓದಿದವರು, ಓದಿಸುವವರು, ಒಬ್ಬರೂ ಕೇಳಲಿಲ್ಲ. ಸಾಬ್ರು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ತಮ್ಮ ಲೈಟನ್ನು ಬಿಚ್ಚತೊಡಗಿದರು. ಒದ್ದೆ ಕೈ, ಒಂದೇ ಕಣ್ಣು, ಐದು ನಿಮಿಷ ಹಿಡಿಯಿತು. ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ನಾವು ತೊಟ್ಟಿ ಖಾಲಿ ಮಾಡಿ, ತೊಳೆದು, ಪ್ಲಾಸ್ಟಿಕ್ ಗಿಡ ನೆಟ್ಟು, ಯಾರದೋ ಮನೆಯಿಂದ ನಾಲ್ಕು ಚಿನ್ನದ ಮೀನು ತಂದು ಬಿಟ್ಟೆವು. ಬಂದ ದೊಡ್ಡವರು ಫ್ಲಡ್ ಲೈಟಿನ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು "ಭಾಳ ಚೆನ್ನಾಗಿದೆ" ಎಂದರು.

ಅವತ್ತು ಸಂಜೆಯೇ ಜವರಪ್ಪನಿಂದ ಎಲ್ಲವನ್ನೂ ಕೇಳಿ ತಿಳಿದುಕೊಂಡೆ. ಮರುದಿನ ಅಂಗಡಿಗೆ ಹೋದೆ. ಸಾಬ್ರು ತಲೆಯೆತ್ತಲಿಲ್ಲ. ತಪ್ಪಾಯಿತು ಎಂದೆ, ನಡೆದದ್ದು ಹೇಳಿದೆ, ಅತ್ತೆ. ಅವರು ವೈರು ಸುಲಿಯುವುದನ್ನು ನಿಲ್ಲಿಸದೆ ಕೇಳಿದರು.

"ಇದ್ನ ನನ್ನತ್ರ ಯಾಕೇಳ್ತೀರಿ?"

"ಯಾಕೆ ಅಂದ್ರೆ..."

"ನಾನು ಮಾಡಿಲ್ಲ ಅನ್ನೋದು ನಂಗೆ ಗೊತ್ತಿಲ್ವಾ? ಗೊತ್ತಿಲ್ದೋರಿಗೆ ಏಳಿ. ನೆನ್ನೆಯಿಂದ ಮೂರು ಜನ ಬಂದು ಲೈಟು ವಾಪಸ್ ಕೊಟ್ಟೋದ್ರು. ಕರೆಂಟ್ ಒಡಿಯೋ ಲೈಟಂತೆ. ನಲವತ್ತು ವರ್ಷದಾಗೆ ನಾನು ಕಟ್ಟಿದ್ದು ಒಂದಾದ್ರೂ ಒಬ್ರಿಗೆ ಚುರ್ ಅಂದದಾ ಕೇಳಿ ಈ ಊರಾಗೆ. ಅಳೋದಾದ್ರೆ ಅಲ್ಲೋಗಿ ಅಳಿ ಮೇಡಂ. ಇಲ್ಲಿ ಅತ್ರೆ ನನ್ನ ಸಾಮಾನು ನೆನೀತದೆ."

ಆಮೇಲೆ ಸುಮ್ಮನಾದರು. ಜಮೀಲಮ್ಮ ಒಳಬಾಗಿಲಲ್ಲಿ ನಿಂತು, ಹೋಗಿ ಎನ್ನುವ ಹಾಗೆ ಕಣ್ಣಲ್ಲೇ ಹೇಳಿದರು.

ಮುಂದಿನ ಸಿಬ್ಬಂದಿ ಸಭೆಯಲ್ಲಿ, ಅಧ್ಯಕ್ಷರ ಎದುರಿಗೇ, ಎದ್ದುನಿಂತು ಹೇಳಿದೆ. ಸಿಗಡಿ ಸತ್ತದ್ದು ಮೈಲುತುತ್ತಿನಿಂದ, ಅದನ್ನು ಹಾಕಿಸಿದವರು ಯಾರು, ಆ ನೀಲಿ ಪುಡಿ ಏನೆಂದು ಅವತ್ತೇ ನನಗೆ ಗೊತ್ತಿದ್ದೂ ಸುಮ್ಮನಿದ್ದೆ ಎಂಬುದನ್ನೂ ಹೇಳಿದೆ. ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಜವರಪ್ಪ ಅದನ್ನು ಕೆಳಗಿಟ್ಟು, "ಊ ಕಣ್ರೀ, ಉಯ್ದೋನು ನಾನೇಯ. ಉಯ್ಯಿ ಅಂದೋರು ಅಧ್ಯಕ್ಷರೇಯ" ಎಂದ. ಆ ಸಭೆಯಲ್ಲಿ ನನಗಿಂತ ಕಳೆದುಕೊಳ್ಳುವುದು ಹೆಚ್ಚಿದ್ದವನು ಅವನು. ಅಧ್ಯಕ್ಷರು ನಕ್ಕರು. "ನಾಕು ಸಿಗಡಿಗೆ ಇಷ್ಟೊಂದು ಪಂಚಾಯ್ತಿಯಾ? ಮುಗಿದ ಮಾತು ಬುಡಿ" ಎಂದರು. ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಮರುದಿನ ನಾನೇ ಒಂದು ಹಾಳೆಯಲ್ಲಿ ಬರೆದೆ: 'ಪ್ರಯೋಗಾಲಯದ ಸಿಗಡಿಗಳು ಸತ್ತದ್ದು ನೀರಿಗೆ ಮೈಲುತುತ್ತು ಸುರಿದದ್ದರಿಂದ. ಖಲೀಲ್ ಸಾಬ್ರು ಕಟ್ಟಿದ ದೀಪದಲ್ಲಿ ಯಾವ ದೋಷವೂ ಇರಲಿಲ್ಲ.' ಕೆಳಗೆ ರುಜು ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸಿದೆ. ಮಧ್ಯಾಹ್ನದೊಳಗೆ ಕಿತ್ತರು. ಅಷ್ಟರಲ್ಲಿ ವಿದ್ಯಾರ್ಥಿಗಳು ಫೋಟೋ ಹೊಡೆದುಕೊಂಡಿದ್ದರು. ಅದು ಮೊಬೈಲಿಂದ ಮೊಬೈಲಿಗೆ ಹಾರಿ ಪಾಂಡವಪುರ, ನಾಗಮಂಗಲದವರೆಗೂ ಹೋಯಿತು. ಪ್ರಯೋಗಾಲಯದ ಹೊಣೆಯಿಂದ ನನ್ನನ್ನು ತೆಗೆದರು. ಕೆಲಸ ಕಾಯಂ ಆಗುವುದು ಎರಡು ವರ್ಷ ಮುಂದಕ್ಕೆ ಹೋಯಿತು.

ವಾರದ ಮೇಲೆ ಸಾಬ್ರ ಫೋನು ಬಂತು. ಥ್ಯಾಂಕ್ಸ್ ಗೀಂಕ್ಸ್ ಏನೂ ಇಲ್ಲ. "ಮೇಡಂ, ನೋಟೀಸಲ್ಲಿ ದೀಪ ಅಂತ ಬರ್ದಿದ್ದೀರಿ. ದೀಪ ಅಂದ್ರೆ ಎಣ್ಣೆದು. ನಾನು ಕಟ್ಟಿದ್ದು ಲೈಟು. ಓದ್ದೋರು ಸರಿಯಾಗಿ ಬರೀಬ್ಯಾಡ್ವಾ?" ಎಂದು ಬೈದು ಇಟ್ಟುಬಿಟ್ಟರು. ಅವರು ಮತ್ತೆ ಬೈದರಲ್ಲ ಎಂದು ನಾನು ಅವತ್ತು ಸಮಾಧಾನದಿಂದ ಊಟ ಮಾಡಿದೆ.

ಎರಡು ವರ್ಷದಲ್ಲಿ ಅವರ ಒಳ್ಳೆಯ ಕಣ್ಣೂ ಮಸುಕಾಯಿತು. ವೈರಿನ ಕೆಂಪು ಕಪ್ಪು ಗೊತ್ತಾಗದ ದಿನ ಅವರೇ ಅಂಗಡಿ ಬಾಗಿಲು ಎಳೆದರಂತೆ. ಜಮೀಲಮ್ಮನ ಜೊತೆ ನಾಗಮಂಗಲದ ಮಗಳ ಮನೆಗೆ ಹೋದರು. ಆ ವರ್ಷ ಕಾಲೇಜಿನ ವಾರ್ಷಿಕೋತ್ಸವದಲ್ಲಿ ತಾಲ್ಲೂಕಿನ ಕುಶಲಕರ್ಮಿಗಳನ್ನು ಸನ್ಮಾನಿಸಬೇಕೆಂದು ತೀರ್ಮಾನವಾಗಿ, ಹೆಸರು ಕೊಡಿ ಎಂದು ಕೇಳಿದಾಗ ವಿದ್ಯಾರ್ಥಿ ಸಂಘದವರು ಮೊದಲ ಹೆಸರಾಗಿ ಖಲೀಲ್ ಸಾಬ್ರದ್ದನ್ನೇ ಬರೆದರು. ಬಿಟ್ಟರೆ ಎಲ್ಲರಿಗೂ ಕಾಣುತ್ತದೆ ಎಂದು ಆಡಳಿತ ಮಂಡಳಿ ಒಪ್ಪಿತು. ಅವರು ಬರಲಾರರು, ಮನೆಗೇ ಹೋಗಿ ಶಾಲು ಹೊದಿಸಿ ಬನ್ನಿ ಎಂದರು ಅಧ್ಯಕ್ಷರು. ಪ್ರಾಂಶುಪಾಲರು ನನ್ನನ್ನೂ ಕರೆದುಕೊಂಡು ಹೋದರು.

ಸಾಬ್ರು ಹಜಾರದಲ್ಲಿ ಗೋಡೆಗೊರಗಿ ಕೂತಿದ್ದರು. ಇನ್ನಷ್ಟು ಇಳಿದುಹೋಗಿದ್ದರು. ನನ್ನ ದನಿ ಕೇಳಿ, "ಮೇಡಮ್ಮೋರಾ? ಮನೇಲಿ ತೊಟ್ಟಿ ಇಟ್ರಂತೆ? ಎಷ್ಟೊತ್ತು ಉರುಸ್ತೀರಿ?" ಎಂದರು. ಹೇಳಿದೆ. "ಊಂ" ಎಂದರು. ಪ್ರಾಂಶುಪಾಲರು ಗಂಟಲು ಸರಿಮಾಡಿಕೊಂಡು ಸನ್ಮಾನದ ವಿಷಯ ಹೇಳಿ, ಶಾಲಿನ ಮಡಿಕೆ ಬಿಚ್ಚಿದರು. ಬಟ್ಟೆಯ ಸದ್ದಿಗೆ ಸಾಬ್ರು ಕೈ ಅಡ್ಡ ಹಿಡಿದರು.

"ಅಧ್ಯಕ್ಷರು ಬಂದವ್ರಾ?"

"ಇಲ್ಲ ಸಾಬ್ರೇ, ಅವರಿಗೆ ಕೆಲಸವಿತ್ತು. ನಿಮಗೆ ಕೊಡಿ ಅಂತ ಅವರೇ ಕಳಿಸಿದ್ದು."

"ಶಾಲು ಒದ್ಸಿದ್ರೆ ಚಳಿ ಓಯ್ತದೆ ಸಾರ್. ಮಾತು ಓಯ್ತದಾ?" ಆ ದನಿಯಲ್ಲಿ ಹಳೆಯ ಬಿಸಿ ಇತ್ತು. "ನಿಮ್ಮೋರು ಅಂದ್ರಲ್ಲ, ಅವತ್ತು. ನಾನು ಯಾರೋನು? ಇದೇ ನಾಗಮಂಗಲದಾಗೆ ಹುಟ್ದೋನು, ನಿಮ್ಮೂರಾಗೆ ಬಾಳ್ದೋನು. ನಾನು ಬೇರೆ ಯಾರೋನು ಸಾರ್? ಅಂದದ್ದು ತಪ್ಪಾಯ್ತು ಅಂತ ಅವ್ರೇ ಬಂದು ಒಂದ್ಮಾತು ಅನ್ಲಿ. ಶಾಲೂ ಬ್ಯಾಡ, ಹಾರಾನೂ ಬ್ಯಾಡ. ನಾನೇ ಟೀ ಕುಡಿಸಿ ಕಳುಸ್ತೀನಿ. ಅಲ್ಲೀಗಂಟ ಇದ್ನ ತಗಂಡೋಗಿ."

ಪ್ರಾಂಶುಪಾಲರು ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎನ್ನುವ ಹಾಗೆ. ನಾನು ಶಾಲನ್ನು ಅವರ ಕೈಯಿಂದ ತೆಗೆದುಕೊಂಡು ಮಡಿಸಿ ಚೀಲಕ್ಕೆ ಹಾಕಿದೆ. ಜಮೀಲಮ್ಮ ನಮ್ಮಿಬ್ಬರಿಗೂ ಟೀ ಕೊಟ್ಟರು. ಹೊರಡುವಾಗ ಸಾಬ್ರು ನನ್ನ ಕೈ ಹಿಡಿದುಕೊಂಡರು. ಅವರನ್ನು ನಾನು ಕಡೆಯದಾಗಿ ನೋಡಿದ್ದು ಅದೇ.

ಅಧ್ಯಕ್ಷರು ಹೋಗಲಿಲ್ಲ. ನಾನು ಎರಡು ಸಲ ಅವರಿಗೆ ನೆನಪು ಮಾಡಿದೆ, ಎರಡು ಸಲವೂ "ನೋಡಾನ" ಎಂದರು. ಕಳೆದ ಆಷಾಢದಲ್ಲಿ ಸಾಬ್ರು ತೀರಿಕೊಂಡ ಸುದ್ದಿ ಬಂತು. ಮುಂದಿನ ಸೋಮವಾರ ಕಾಲೇಜಿನ ಪ್ರಾರ್ಥನೆಯ ಹೊತ್ತಿಗೆ ಅಧ್ಯಕ್ಷರೇ ಬಂದು ಮೈಕಿನ ಮುಂದೆ ನಿಂತರು. ನಮ್ಮ ತಾಲ್ಲೂಕಿನ ನುರಿತ ಕುಶಲಕರ್ಮಿ, ಸಂಸ್ಥೆಯ ಹಿತೈಷಿ ಎಂದೆಲ್ಲ ಚೀಟಿ ನೋಡಿ ಓದಿದರು. ಕೊನೆಗೆ, "ಅವರ ಆತ್ಮಕ್ಕೆ ಶಾಂತಿ ಕೋರಿ ಒಂದು ನಿಮಿಷ ಮೌನ ಆಚರಿಸೋಣ" ಎಂದರು.

ನಾನು ಸಿಬ್ಬಂದಿಯ ಸಾಲಿನಿಂದ ಮುಂದೆ ಬಂದೆ. "ಮೌನ ಬೇಡ ಸಾರ್" ಎಂದೆ. ಮೈಕಿಲ್ಲದಿದ್ದರೂ ಅಂಗಳದ ಕೊನೆಯವರೆಗೂ ಕೇಳಿಸಿತು. "ಅವರ ವಿಷಯದಲ್ಲಿ ನಾವೆಲ್ಲ ಮೌನವಾಗಿದ್ದು ಸಾಕು. ಅವರು ಕೇಳಿದ್ದ ಆ ಒಂದು ಮಾತು ಹೇಳಿ. ಈಗಲಾದರೂ ಹೇಳಿ."

ಮಕ್ಕಳೆಲ್ಲ ಅಧ್ಯಕ್ಷರ ಕಡೆ ತಿರುಗಿದರು. ಅವರ ಮುಖ ಕೆಂಪಾಯಿತು. ಬಾಯಿ ತೆರೆದವರು ಮುಚ್ಚಿ, ಸೀಟಿ ಊದಿ ಎಂದು ದೈಹಿಕ ಶಿಕ್ಷಕರಿಗೆ ಸನ್ನೆ ಮಾಡಿದರು. ಶಿಕ್ಷಕರು ಸೀಟಿ ಊದಿದರು. ಎಲ್ಲರೂ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ಆ ಒಂದು ನಿಮಿಷವೂ ಅಧ್ಯಕ್ಷರ ಮುಖವನ್ನೇ ನೋಡುತ್ತಾ ನಿಂತೆ. ಅವರು ತಮ್ಮ ಕೈಗಡಿಯಾರ ನೋಡುತ್ತಿದ್ದರು.